ಉಗ್ರಾಣಿಯ ಆಯ್ಕೆ

ಗಣಕಯಂತ್ರದಲ್ಲಿ ಬರೆಯುವವರು ಬಳಸುವ ‘ವಿಮ್’ ಎಂಬ ಎಡಿಟರನ್ನು ಬ್ರಾಮ್ ಮೋಲೆನಾರ್ ಎಂಬವರು 1991ರಲ್ಲಿ ಪ್ರಕಟಿಸಿದರು. ಅದಕ್ಕೆ ಬೇಕಾದ ಹೊಸ ಗುಣಗಳನ್ನು ಕೂಡಿಸುವ ಸಣ್ಣ ಉಪಕರಣಗಳಿಗೆ ಪ್ಲಗಿನ್ ಎಂದು ಹೆಸರು. ಅವುಗಳನ್ನು ತರಿಸಿ, ಇರಿಸಿ, ಕಾಲಕಾಲಕ್ಕೆ ಹೊಸದುಮಾಡುವ ಉಗ್ರಾಣಿಯೇ ಪ್ಲಗಿನ್ ಮ್ಯಾನೇಜರ್.

ಪ್ಲಗಿನ್ನುಗಳು ಮೂರು ನಾಲ್ಕೇ ಇದ್ದಲ್ಲಿ ಉಗ್ರಾಣಿಯೇ ಬೇಡವೆಂಬುದು ನಮ್ಮ ಮತ. 2016ರ 8ನೆಯ ಆವೃತ್ತಿಯಿಂದೀಚೆಗೆ, ‘ಪ್ಯಾಕ್’ ಎಂಬ ಕೋಶದಲ್ಲಿ ಕ್ರಮವಾಗಿ ಇಟ್ಟುದನ್ನು ವಿಮ್ ತಾನೇ ಎತ್ತಿಕೊಳ್ಳುವುದು. ಹೊಸ ಆವೃತ್ತಿಗಳನ್ನು ತರುವ ಕೆಲಸ ಮಾತ್ರ ಯಜಮಾನನದು. ಹೆಚ್ಚಿದ್ದರೆ ‘ವಿಮ್-ಪ್ಲಗ್’ ಸಾಕು. ಅದು ಒಂದೇ ಕಡತ. ಹಲವನ್ನು ಒಮ್ಮೆಗೇ ತರುವುದು. ಏನು ಬದಲಾಯಿತೆಂಬುದನ್ನೂ ತೋರಿಸುವುದು. ವಿಮ್‌ನಿಂದ ಕವಲೊಡೆದ ನಿಯೋವಿಮ್ ಬಳಸುವವರಿಗೆ ‘ಲೇಜಿ’ ಒಪ್ಪುವುದು. ಪ್ರತಿಯೊಂದರ ಆವೃತ್ತಿಯನ್ನೂ ಅದು ಬರೆದಿಡುವುದರಿಂದ, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು.

ಜನಪ್ರಿಯತೆಯೊಂದಕ್ಕೇ ಮರುಳಾಗಬಾರದು. ನಿಯೋವಿಮ್‌ನಲ್ಲಿ ಬಹುಮಂದಿ ನೆಚ್ಚಿದ್ದ ‘ಪ್ಯಾಕರ್’ 2023ರಲ್ಲಿ ಪೋಷಕರಿಲ್ಲದೆ ನಿಂತಿತು. ಅವರೆಲ್ಲ ಬೇರೆ ಆಶ್ರಯವನ್ನು ಹುಡುಕಬೇಕಾಯಿತು. ಅದಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಪ್ಲಗಿನ್ ಎಂಬುದು ಪರರು ಬರೆದು, ನಮ್ಮ ಅಧಿಕಾರದಿಂದ ನಡೆಯುವ ಪ್ರೋಗ್ರಾಮು; ಮನೆಯ ಲೆಕ್ಕಪತ್ರಗಳನ್ನೂ ಅದು ಓದಬಲ್ಲದು. ಅದರ ಶೀಲವನ್ನು ಈ ಉಗ್ರಾಣಿಗಳು ಪರೀಕ್ಷಿಸವು. ಆದುದರಿಂದ ಗೃಹಸ್ಥನು ಮೊದಲು ಪ್ಲಗಿನ್ನುಗಳ ಸಂಖ್ಯೆಯನ್ನು ತಗ್ಗಿಸಲಿ. ಅನಂತರ ಉಗ್ರಾಣಿಯನ್ನು ನೇಮಿಸಲಿ.