ಕಾರು ಅಗ್ಗದ್ದಿರಲಿ, ಬ್ರೇಕು ಗಟ್ಟಿಯಿರಲಿ

ಪುಣೆಯ ನಮ್ಮ ಕನ್ನಡದ ಗೆಳೆಯರ ಗುಂಪಿನಲ್ಲಿ ಎರಡು ತಿಂಗಳಿಂದ ಒಂದೇ ಚರ್ಚೆ. ಐವತ್ತು ಸಾವಿರ ರೂಪಾಯಿ ಮೀರದ ಹಳೆಯ ಕಾರು ಕೊಳ್ಳಬೇಕು, ಅದರಲ್ಲೇ ಕನ್ಯಾಕುಮಾರಿಗೆ ಹೋಗಿ ಬರಬೇಕು. ನಾಲ್ಕು ತಂಡ, ನಾಲ್ಕು ಕಾರು. ಮೊದಲು ಮುಟ್ಟಿದವರಿಗೆ ಬಹುಮಾನವಿಲ್ಲ. ಎಲ್ಲರ ಮನೆಯಲ್ಲೂ ಕಂತು ಕಟ್ಟುತ್ತಿರುವ ಒಳ್ಳೆಯ ಕಾರುಗಳಿವೆ, ಆದರೆ ಅವನ್ನು ತರುವಂತಿಲ್ಲ. ಹೈದರಾಬಾದು, ಚೆನ್ನೈಗಳಲ್ಲಿರುವ ಗೆಳೆಯರೂ ಇಂಥದ್ದೇ ಯೋಚನೆಯಲ್ಲಿದ್ದಾರೆಂದು ಕೇಳಿದ್ದರಿಂದ ಈ ಮಾತು ಬರೆಯಬೇಕೆನಿಸಿತು. ನಾನು ಇಂಥ ಪ್ರವಾಸದ ಪರ. ಆದರೆ ಒಂದು ಶರತ್ತು ಇದೆ.

ಈ ಹುಚ್ಚು ಇಂಗ್ಲೆಂಡಿನಿಂದ ಬಂದದ್ದು. 1978ರ ಕೊನೆಯಲ್ಲಿ ಶುರುವಾದ ಪ್ಯಾರಿಸ್–ಡಕಾರ್ ರ್‍ಯಾಲಿ ವರ್ಷ ಕಳೆದಂತೆ ದೊಡ್ಡ ಕಂಪನಿಗಳ, ದೊಡ್ಡ ಹಣದ ಆಟವಾಯಿತು. ಅದನ್ನು ಗೇಲಿ ಮಾಡಲೆಂದೇ ಜೂಲಿಯನ್ ನೊವಿಲ್ ಎಂಬವರು ಈ ಶತಮಾನದ ಆರಂಭದಲ್ಲಿ ಪ್ಲಿಮತ್ ಊರಿನಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗುವ ಇನ್ನೊಂದು ಪಯಣ ಹೂಡಿದರು. ಅದರ ನಿಯಮ ತಮಾಷೆಯದು: ಕಾರಿನ ಬೆಲೆ 100 ಪೌಂಡ್ ದಾಟಬಾರದು, ಅದನ್ನು ಸಜ್ಜು ಮಾಡಲು 15 ಪೌಂಡ್. ಗ್ಯಾಂಬಿಯಾದ ಬಂಜುಲ್ ತಲುಪಿದ ಕಾರುಗಳನ್ನು ಹರಾಜು ಹಾಕಿ, ಬಂದ ಹಣವನ್ನು ಅಲ್ಲಿನ ದತ್ತಿ ಕೆಲಸಗಳಿಗೆ ಕೊಡುತ್ತಿದ್ದರು. 2004ರಲ್ಲಿ ಮಂಗೋಲ್ ರ್‍ಯಾಲಿ ಬಂತು. ಸಣ್ಣ ಎಂಜಿನ್ನಿನ ಹಳೆಯ ಕಾರಿನಲ್ಲಿ ಯುರೋಪಿನಿಂದ ಮಂಗೋಲಿಯಾದವರೆಗೆ! ಅದೂ ರೇಸಲ್ಲ.

ಇದರ ಆಕರ್ಷಣೆ ನನಗೆ ಅರ್ಥವಾಗುತ್ತದೆ. ಹೊಸ ಕಾರಿನಲ್ಲಿ ಕೂತರೆ ಊರುಗಳು ಕಿಟಕಿಯಾಚೆ ಸರಿದು ಹೋಗುತ್ತವೆ. ಹಳೆಯ ಕಾರು ಮಾತ್ರ ಊರೂರಲ್ಲಿ ನಿಲ್ಲಿಸುತ್ತದೆ, ಗ್ಯಾರೇಜಿನವರ ಜತೆ ಮಾತಾಡಿಸುತ್ತದೆ, ಚಹಾ ಕುಡಿಸುತ್ತದೆ. ಎಂಟೆಕ್ ಮುಗಿಸಿ ಹತ್ತು ವರ್ಷ ಪರದೆಯ ಮುಂದೆಯೇ ಕಳೆದ ನಮ್ಮಂಥವರಿಗೆ ಕೈಗೆ ಗ್ರೀಸ್ ಹತ್ತಿಸಿಕೊಳ್ಳುವುದೂ ಒಂದು ಸುಖ. ನಮ್ಮ ದೇಶದಲ್ಲಿ ಇದಕ್ಕೆ ಮಾರುತಿ 800ಕ್ಕಿಂತ ಒಳ್ಳೆಯ ಕಾರಿಲ್ಲ. 1983ರಿಂದ 2014ರವರೆಗೆ ತಯಾರಾದ ಈ ಕಾರಿನದು 796 ಸಿಸಿಯ, ಮೂರು ಸಿಲಿಂಡರಿನ ಸರಳ ಎಂಜಿನ್. ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಕೊಲ್ಹಾಪುರದಲ್ಲೂ ಸಿಗುತ್ತಾರೆ, ಹಾವೇರಿಯಲ್ಲೂ ಸಿಗುತ್ತಾರೆ, ಮಧುರೈನಲ್ಲೂ ಸಿಗುತ್ತಾರೆ.

ಆದರೆ ಇಂಗ್ಲೆಂಡಿನ ಆಟವನ್ನು ತರುವಾಗ ಅದರ ಹಿಂದಿರುವ ವ್ಯವಸ್ಥೆಯನ್ನು ನಾವು ನೋಡುತ್ತಿಲ್ಲ. ಅಲ್ಲಿ ಎಂಒಟಿ ಎಂಬ ಪರೀಕ್ಷೆ 1960ರಿಂದ ಇದೆ. ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಬ್ರೇಕು, ಸ್ಟೀರಿಂಗು, ಟೈರು, ದೀಪ, ಸೀಟ್ ಬೆಲ್ಟು, ತುಕ್ಕು ಎಲ್ಲವನ್ನೂ ಪರೀಕ್ಷಿಸುತ್ತಾರೆ. ನೂರು ಪೌಂಡಿನ ಕಾರಾದರೂ ರಸ್ತೆಗಿಳಿಯಬೇಕಾದರೆ ಇದನ್ನು ದಾಟಲೇಬೇಕು. ಅವರು ನಗುನಗುತ್ತಾ ಡಬ್ಬಾ ಕಾರು ಕೊಳ್ಳುವುದು ಈ ಧೈರ್ಯದ ಮೇಲೆ.

ನಮ್ಮಲ್ಲಿ? ಸ್ವಂತ ಬಳಕೆಯ ಕಾರಿಗೆ ಒಮ್ಮೆ ನೋಂದಣಿಯಾದರೆ 15 ವರ್ಷ ಯಾರೂ ಅದರ ಬ್ರೇಕು ನೋಡಬೇಕೆಂದಿಲ್ಲ. ನಡುವೆ ಕಡ್ಡಾಯವಾಗಿ ಆಗುವ ತಪಾಸಣೆ ಪಿಯುಸಿ ಒಂದೇ. ಅದು ಹೊಗೆಯನ್ನು ಅಳೆಯುತ್ತದೆಯೇ ಹೊರತು, ಘಾಟಿಯಲ್ಲಿ ಕಾರು ನಿಲ್ಲುತ್ತದೆಯೇ ಎಂದು ಹೇಳುವುದಿಲ್ಲ. ಹೀಗಾಗಿ ಐವತ್ತು ಸಾವಿರದ ಕಾರು ಕೊಂಡವನೇ ಅದರ ಪರೀಕ್ಷಕನೂ ಆಗಬೇಕು.

ನನ್ನ ಶರತ್ತು ಇದು: ಬೆಲೆಯ ಮಿತಿ ಕಾರಿಗೆ ಮಾತ್ರ ಇರಲಿ, ಸುರಕ್ಷತೆಗೆ ಬೇಡ. ಅಮೆರಿಕದಲ್ಲಿ ‘24 ಅವರ್ಸ್ ಆಫ್ ಲೆಮನ್ಸ್’ ಎಂಬ ಗುಜರಿ ಕಾರುಗಳ ರೇಸ್ ಇದೆ. ಅಲ್ಲಿ ಕಾರಿನ ಬೆಲೆಗೆ 500 ಡಾಲರಿನ ಮಿತಿ, ಆದರೆ ಬ್ರೇಕು, ಟೈರು, ಸುರಕ್ಷತೆಯ ಸಾಮಾನಿನ ಖರ್ಚು ಆ ಲೆಕ್ಕಕ್ಕೆ ಸೇರುವುದಿಲ್ಲ. ನಮಗೂ ಅದೇ ನಿಯಮ ಸಾಕು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂದು ಯಾರಾದರೂ ನಕ್ಕರೆ ನಗಲಿ.

ಏನು ನೋಡಬೇಕು? ಬಣ್ಣ, ಮ್ಯೂಸಿಕ್ ಸಿಸ್ಟಮ್ ಬಿಡಿ. ಕಾರಿನೊಳಗಿನ ಮ್ಯಾಟ್ ಎತ್ತಿ ನೆಲದ ತಗಡು ಒತ್ತಿ ನೋಡಿ, ತುಕ್ಕು ತಿಂದಿದ್ದರೆ ಕೈಮುಗಿದು ಹೊರಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಎಷ್ಟೇ ಆಳವಿದ್ದರೂ ಅಷ್ಟು ಹಳೆಯ ರಬ್ಬರನ್ನು ನಂಬಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಉದ್ದದ ಇಳಿಜಾರಿನಲ್ಲಿ ಕಾದಾಗ ಆ ತೇವ ಆವಿಯಾಗಿ ಪೆಡಲು ಮೆತ್ತಗಾಗುತ್ತದೆ, ಆದ್ದರಿಂದ ಹೊರಡುವ ಮುಂಚೆ ಬದಲಿಸಿ. ಟೈಮಿಂಗ್ ಬೆಲ್ಟು, ರೇಡಿಯೇಟರ್ ಪೈಪುಗಳು ಕಾರು ಓಡದೆ ನಿಂತಿದ್ದರೂ ಹಳತಾಗುತ್ತವೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ ಎಂಬುದು ನೆನಪಿರಲಿ. ವೇಗ ಗಂಟೆಗೆ 80 ಕಿ.ಮೀ. ದಾಟದಿರಲಿ, ರಾತ್ರಿ ಪಯಣ ಬೇಡವೇ ಬೇಡ.

ಕಾಗದಪತ್ರದ ವಿಷಯದಲ್ಲಿ ಹೊರನಾಡಿನ ನಮಗೆ ಇನ್ನೊಂದು ತೊಡಕಿದೆ. ‘ಊರಲ್ಲಿ ಮಾವನ ಪರಿಚಯದವರ ಹತ್ತಿರ ಒಂದು ಕಾರಿದೆ, ಹಾಗೇ ತಂದುಬಿಡೋಣ’ ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನೋಂದಣಿ ಬೇಕು. ಅದಕ್ಕೆ ಊರಿನ ಆರ್‌ಟಿಒದಿಂದ ಎನ್‌ಒಸಿ ತರಬೇಕು. ಕಾರಿಗೆ 15 ವರ್ಷ ದಾಟಿದ್ದರೆ ನವೀಕರಣ ಆಗಿದೆಯೇ ನೋಡಿ. ಅದರ ಶುಲ್ಕ 2022ರ ಏಪ್ರಿಲ್‌ನಲ್ಲೇ 600 ರೂಪಾಯಿಯಿಂದ 5,000ಕ್ಕೆ ಏರಿದೆ. ವಿಮೆಯನ್ನು ಕಾರು ಕೈಬದಲಾದ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಆ ಪಾಲಿಸಿಯಲ್ಲಿ ಸಣ್ಣಕ್ಷರದ ಒಂದು ಸಾಲೂ ಇದೆ: ರೇಸ್, ವೇಗದ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್‌ಗಳಿಗೆ ವಿಮೆ ಅನ್ವಯಿಸದು. ನಾವು ಗಡಿಯಾರ ಹಿಡಿದು ಓಡಿಸದಿರಲು ಅದೂ ಒಂದು ಕಾರಣ.

‘ಇಷ್ಟೆಲ್ಲ ಲೆಕ್ಕ ಹಾಕಿದರೆ ಮಜಾ ಎಲ್ಲಿ ಉಳೀತು ಮಾರಾಯ?’ ಎಂದು ನಮ್ಮ ಗುಂಪಿನಲ್ಲೇ ಒಬ್ಬರು ಕೇಳಿದರು. ಮಜಾ ಎಲ್ಲಿಗೂ ಹೋಗುವುದಿಲ್ಲ. ಚಿತ್ರದುರ್ಗದ ಬಳಿ ಎಂಜಿನ್ ಕಾದು ಹೊಗೆಯೆದ್ದರೆ ಅದು ಮುಂದೆ ಹತ್ತು ವರ್ಷ ಹೇಳಿಕೊಳ್ಳುವ ಕಥೆ. ಖಂಬಾಟಕಿ ಘಾಟಿಯಲ್ಲಿ ಬ್ರೇಕು ಹಿಡಿಯದಿದ್ದರೆ ಅದು ಕಥೆಯಲ್ಲ. ಎದುರಿಗೆ ಸ್ಕೂಟರಿನಲ್ಲಿ ಹೆಂಡತಿ, ಮಗುವನ್ನು ಕೂರಿಸಿಕೊಂಡು ಹೋಗುವವನು ನಮ್ಮ ಆಟಕ್ಕೆ ಹೆಸರು ಕೊಟ್ಟಿಲ್ಲ. ಕಾರು ಕೆಟ್ಟು ನಿಲ್ಲುವ ಅಪಾಯವನ್ನು ನಮಗಾಗಿ ನಾವು ಆರಿಸಿಕೊಳ್ಳಬಹುದು. ನಿಲ್ಲದೇ ಹೋಗುವ ಅಪಾಯವನ್ನು ಅವನ ಮೇಲೆ ಹೇರುವ ಹಕ್ಕು ನಮಗಿಲ್ಲ.

ಇದು ನಮ್ಮ ನಾಲ್ಕು ಕಾರುಗಳಿಗಷ್ಟೇ ಸೇರಿದ ಮಾತೂ ಅಲ್ಲ. ನಮಗೆ ಆಟವಾಗಿರುವ ಈ ಕಾರಿನಲ್ಲೇ ದಿನವೂ ಮಕ್ಕಳನ್ನು ಶಾಲೆಗೆ ಬಿಡುವವರು, ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವವರು ಲಕ್ಷಾಂತರ ಮಂದಿ ಇದ್ದಾರೆ. ಕಾರಿಗೆ ವಯಸ್ಸಾಯಿತೆಂದು ಗುಜರಿಗೆ ಕಳಿಸುವುದಕ್ಕಿಂತ, ಐದು ವರ್ಷಕ್ಕೊಮ್ಮೆಯಾದರೂ ಅದರ ಬ್ರೇಕು, ಟೈರು ನೋಡುವ ವ್ಯವಸ್ಥೆ ಮಾಡಿದರೆ ಹೆಚ್ಚು ಜೀವ ಉಳಿದೀತು ಎಂಬುದು ನನ್ನ ನಂಬಿಕೆ. ಹತ್ತು ವರ್ಷದ ಕೆಟ್ಟ ಕಾರಿಗಿಂತ ಇಪ್ಪತ್ತು ವರ್ಷದ ಗಟ್ಟಿ ಕಾರು ಮೇಲು.

ಅಲ್ಲಿಯವರೆಗೆ ನಮ್ಮ ಪಾಲಿನದನ್ನು ಮಾಡಬಹುದು. ಬಂಜುಲ್‌ನಲ್ಲಿ ಕಾರು ಹರಾಜು ಹಾಕಿದಂತೆ, ಕನ್ಯಾಕುಮಾರಿಯಿಂದ ಮರಳಿದ ಮೇಲೆ ನಾವೂ ಕಾರುಗಳನ್ನು ಮಾರುವವರಿದ್ದೇವೆ. ಕೊಳ್ಳುವವರ ಕೈಗೆ ಕೀಲಿಯ ಜತೆ ಬ್ರೇಕು, ಟೈರು, ಬೆಲ್ಟು ಬದಲಿಸಿದ ರಸೀದಿಗಳನ್ನೂ ಕೊಡಬೇಕೆಂದು ಗುಂಪಿನಲ್ಲಿ ಹೇಳಿದ್ದೇನೆ. ಇಬ್ಬರು ಒಪ್ಪಿದ್ದಾರೆ. ಉಳಿದವರನ್ನು ಒಪ್ಪಿಸಿದ ಮೇಲೇ ಕಾರು ಹುಡುಕಲು ಹೊರಡುವುದು.