ಐದು ಡಾಲರಿನ ಸಂಗೀತ

ಅಮೆರಿಕೆಯ ವಾಷಿಂಗ್ಟನ್ ನಗರದ ‘ಫುಗಾಜಿ’ ಎಂಬ ಪಂಕ್ ಮೇಳದ ಗಾನವನ್ನು ಗದ್ದಲವೆಂದು ಹಳಿಯುವವರೊಡನೆ ನಮಗೆ ವಾದವಿಲ್ಲ. ನಮ್ಮ ಕಿವಿಗೂ ಅದು ಕರ್ಕಶವೇ. ಆದರೆ ಧನಿಕರ ಆಶ್ರಯವಿಲ್ಲದೆ ಕಲೆಯು ಬಾಳಲಾರದೆಂದು ವಾದಿಸುವ ಪಂಡಿತಂಮನ್ಯರು, ಜೆಮ್ ಕೊಹೆನ್ ಎಂಬವರು 1987ರಿಂದ 1998ರವರೆಗೆ ಚಿತ್ರಿಸಿ 1999ರಲ್ಲಿ ಹೊರತಂದ ‘ಇನ್‌ಸ್ಟ್ರುಮೆಂಟ್’ ಎಂಬ ಸಾಕ್ಷ್ಯಚಿತ್ರವನ್ನು ಅವಶ್ಯವಾಗಿ ನೋಡತಕ್ಕುದು. ಈ ನಾಲ್ವರು ದೊಡ್ಡ ಕಂಪೆನಿಗಳಿಗೆ ತಮ್ಮನ್ನು ಮಾರಿಕೊಳ್ಳಲಿಲ್ಲ; ಇವರ ಧ್ವನಿಮುದ್ರಿಕೆಗಳು ಹೊರಬಿದ್ದುದು ಮೇಳದ ಇಯಾನ್ ಮೆಕೈ ಅವರೇ 1980ರಲ್ಲಿ ಗೆಳೆಯನೊಡನೆ ಸ್ಥಾಪಿಸಿದ ‘ಡಿಸ್ಕಾರ್ಡ್’ ಸಂಸ್ಥೆಯಿಂದ. ಪ್ರವೇಶಧನ ಸಾಮಾನ್ಯವಾಗಿ ಐದೇ ಡಾಲರು. ಬಾಲಕರಿಗೂ ಬಾಗಿಲು ಮುಚ್ಚಿರಲಿಲ್ಲ. ನೆರೆಯವರನ್ನು ಗುದ್ದಿ ನೂಕುವ ಪುಂಡನ ಕೈಗೆ ಅವನ ಹಣವನ್ನು ಹಿಂದಿರುಗಿಸಿ ಹೊರಗಟ್ಟುತ್ತಿದ್ದರು! ಹಣವಿತ್ತವನೇ ಪ್ರಭುವೆಂಬ ವಾದಕ್ಕೆ ಇದಕ್ಕಿಂತ ಖಂಡನೆ ಬೇಕೆ? ವಿದ್ಯಾವಿಕ್ರಯವು ಪಾತಕವೆಂದು ಬಾಯಲ್ಲಿ ನುಡಿದು, ಸಂಗೀತಸಭೆಯ ಮುಂದಿನ ಸಾಲಿಗೆ ಬೇರೆ ದರವನ್ನು ಕಟ್ಟುವ ಮಹನೀಯರು ಯಾವ ಮುಖದಿಂದ ಇವರನ್ನು ಅಸಂಸ್ಕೃತರೆನ್ನುವರು?