ಟೀವಿ ಮ್ಯೂಟ್, ರೇಡಿಯೋ ಜೋರು
ಅಮೆರಿಕದಲ್ಲಿ ಮಾರ್ಚ್ ಬಂತೆಂದರೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಜ್ವರ. ಎನ್‌ಸಿಎಎ ಟೂರ್ನಿಯನ್ನು ಟೀವಿ ದೇಶಕ್ಕೆಲ್ಲ ತೋರಿಸುತ್ತದೆ, ನಿಜ. ಆದರೆ ಟೀವಿಯ ಕಾಮೆಂಟೇಟರ್ ಯಾರ ಪಕ್ಷವೂ ಅಲ್ಲ. ಅಭಿಮಾನಿಗೆ ಅದೇ ದೊಡ್ಡ ದೋಷ! ಕೆಂಟಕಿಯಲ್ಲಿ ಎಷ್ಟೋ ಮಂದಿ ಟೀವಿಯ ಬಾಯಿ ಮುಚ್ಚಿಸಿ, ಪಕ್ಕದಲ್ಲೇ ರೇಡಿಯೋ ಹಚ್ಚಿ ತಮ್ಮ ತಂಡದ ಕಾಮೆಂಟೇಟರ್ ಕೇವುಡ್ ಲೆಡ್‌ಫೋರ್ಡ್ ಅವರ ದನಿ ಕೇಳುತ್ತಿದ್ದರು. 1953ರಿಂದ ಸುಮಾರು ನಾಲ್ಕು ದಶಕ ಅವರದೇ ವೀಕ್ಷಕ ವಿವರಣೆ. ಕೆಂಟಕಿ ತಂಡಕ್ಕಾಗಿ ಅವರು ಮೈಕ್ ಹಿಡಿದ ಕೊನೆಯ ಪಂದ್ಯ 1992ರ ಮಾರ್ಚ್ 28ರದು, ಫಿಲಡೆಲ್ಫಿಯಾದಲ್ಲಿ. ಉಳಿದದ್ದು 2.1 ಸೆಕೆಂಡು. ಅಂಕಣದ ಆ ತುದಿಯಿಂದ ಹಾರಿಬಂದ ಪಾಸ್ ಹಿಡಿದು, ತಿರುಗಿ, ಎದುರಾಳಿ ಡ್ಯೂಕ್ ತಂಡದ ಕ್ರಿಶ್ಚಿಯನ್ ಲೇಟ್ನರ್ ಎಸೆದ ಚೆಂಡು ಬುಟ್ಟಿಗೆ ಬಿತ್ತು. ಕೆಂಟಕಿಗೆ 103-104ರ ಸೋಲು. ಗೆದ್ದ ಕೋಚ್ ಮೈಕ್ ಶಶೆವ್‌ಸ್ಕಿ ಆಮೇಲೆ ಲೆಡ್‌ಫೋರ್ಡ್ ಮೈಕಿಗೇ ಬಂದು, ಸೋತವರ ರೇಡಿಯೋದಲ್ಲಿ ಸೋತವರ ಆಟವನ್ನು ಹೊಗಳಿ ಹೋದರು.